ಓಡುವ ಸರ್ವರಿನಲ್ಲಿ ಬದಲಾಗುವ ಕೋಡು: ಒಂದು ಸಂವಾದ

ವೆಬ್ ಸರ್ವರ್ ಎಂದರೆ ಮೊಬೈಲಿನಿಂದಲೋ ಕಂಪ್ಯೂಟರಿನಿಂದಲೋ ಬರುವ ಕೋರಿಕೆಗಳಿಗೆ ಪುಟವನ್ನೋ ಲೆಕ್ಕವನ್ನೋ ಉತ್ತರವಾಗಿ ಕಳುಹಿಸುತ್ತ ಹಗಲಿರುಳೂ ಚಾಲನೆಯಲ್ಲಿರುವ ಪ್ರೋಗ್ರಾಂ. ಅದು ಏನು ಮಾಡಬೇಕೆಂದು ಹೇಳುವ ಕೋಡು ಮಾಡ್ಯೂಲುಗಳೆಂಬ ಬಿಡಿ ಫೈಲುಗಳಲ್ಲಿ ಹಂಚಿಕೊಂಡಿರುತ್ತದೆ. ಸರ್ವರ್ ಚಾಲನೆಗೊಳ್ಳುವಾಗ ಆ ಫೈಲುಗಳನ್ನು ಡಿಸ್ಕಿನಿಂದ ಓದಿ ಮೆಮೊರಿಯಲ್ಲಿ ಇರಿಸಿಕೊಳ್ಳುತ್ತದೆ, ಆಮೇಲೆ ಡಿಸ್ಕಿನ ಫೈಲನ್ನು ಯಾರು ತಿದ್ದಿದರೂ ಕೆಲಸ ಮಾಡುವುದು ಮೆಮೊರಿಯಲ್ಲಿರುವ ಹಳೆಯ ಪ್ರತಿಯೇ. ತಿದ್ದಿದ ಮಾಡ್ಯೂಲನ್ನು ಸರ್ವರ್ ತಾನೇ ಗುರುತಿಸಿ, ನಿಲ್ಲದೆ, ಹೊಸದಾಗಿ ಓದಿಕೊಳ್ಳುವ ಏರ್ಪಾಡಿಗೆ ತಂತ್ರಜ್ಞರು ಆಟೋ ರೀಲೋಡ್ ಎನ್ನುತ್ತಾರೆ.

ಇದು ಬೆಂಗಳೂರಿನ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ರೈತ ಪಡೆಯುವ ಪಹಣಿಯ ಹಿಂದೆಯೂ ಶಿಡ್ಲಘಟ್ಟದ ರೇಷ್ಮೆ ಗೂಡಿನ ಇ-ಹರಾಜಿನ ಹಿಂದೆಯೂ ಯಾವುದೋ ಒಂದು ಸರ್ವರ್ ಇದ್ದೇ ಇದೆ. ಮುಂದಿನ ಸಂವಾದದಲ್ಲಿ ಮಾತನಾಡುವ ಇಬ್ಬರಲ್ಲಿ ಒಬ್ಬರು ಬಹುಕಾಲ ಸರ್ವರುಗಳ ಉಸ್ತುವಾರಿ ನೋಡಿಕೊಂಡ ಹಿರಿಯರು, ಇನ್ನೊಬ್ಬರು ಕೋಡು ಬರೆಯುವ ವೃತ್ತಿಯ ಕಿರಿಯರು. ಅವರು ಎತ್ತಿಕೊಳ್ಳುವ ಹರಾಜಿನ ಕೋಡಿನ ಉದಾಹರಣೆ ವಾದಕ್ಕಾಗಿ ಕಲ್ಪಿಸಿದ್ದೇ ಹೊರತು ಯಾವ ಮಾರುಕಟ್ಟೆಯ ತಂತ್ರಾಂಶದ ವರ್ಣನೆಯೂ ಅಲ್ಲ.

ಕಿರಿಯರು: ಈ ಏರ್ಪಾಡು ಹುಟ್ಟಿದ ಕಾರಣವನ್ನು ಮೊದಲು ನೋಡಬೇಕು. ವೆಬ್ಬಿನ ಆರಂಭದ ದಿನಗಳಲ್ಲಿ ಒಂದೊಂದು ಕೋರಿಕೆಗೂ ಪ್ರೋಗ್ರಾಂ ಹೊಸದಾಗಿ ಚಾಲನೆಗೊಂಡು, ಉತ್ತರ ಕೊಟ್ಟು, ಮುಗಿದುಹೋಗುತ್ತಿತ್ತು. ಆದ್ದರಿಂದ ಫೈಲನ್ನು ತಿದ್ದಿದ ಮರುಕ್ಷಣವೇ ಬದಲಾವಣೆ ಕಾಣಿಸುತ್ತಿತ್ತು, ಆದರೆ ವೇಗ ಮಾತ್ರ ಇರಲಿಲ್ಲ. 1996ರಲ್ಲಿ ಬಂದ ಮಾಡ್‌ಪರ್ಲ್, ಪರ್ಲ್ ಭಾಷೆಯನ್ನು ಅಪಾಚೆ ಸರ್ವರಿನ ಒಳಗೇ ಕೂರಿಸಿ, ಒಮ್ಮೆ ಓದಿದ ಕೋಡನ್ನು ಮೆಮೊರಿಯಲ್ಲೇ ಉಳಿಸಿಕೊಂಡಿತು. ವೇಗವೇನೋ ಸಿಕ್ಕಿತು, ಆದರೆ ಒಂದು ಅಕ್ಷರ ತಿದ್ದಿದರೂ ಸರ್ವರನ್ನು ನಿಲ್ಲಿಸಿ ಮತ್ತೆ ಚಾಲನೆ ಮಾಡಬೇಕಾಯಿತು. ಕಳೆದುಹೋದ ಆ ಸೌಲಭ್ಯವನ್ನು ವೇಗವನ್ನು ಬಹುಮಟ್ಟಿಗೆ ಉಳಿಸಿಕೊಂಡೇ ಮರಳಿ ತಂದದ್ದು ಅಪಾಚೆ ರೀಲೋಡ್ ಎಂಬ ಮಾಡ್ಯೂಲು. ಪರ್ಲ್ ತಾನು ಓದಿದ ಫೈಲುಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಪ್ರತಿ ಕೋರಿಕೆಯ ಆರಂಭದಲ್ಲಿ ಆ ಪಟ್ಟಿಯ ಫೈಲುಗಳ ತಿದ್ದುಪಡಿಯ ಸಮಯವನ್ನು ಡಿಸ್ಕಿನಲ್ಲಿ ನೋಡಿ, ಹಿಂದೆ ದಾಖಲಾದ ಸಮಯಕ್ಕಿಂತ ಹೊಸದಾಗಿದ್ದರೆ ಪಟ್ಟಿಯಿಂದ ಅದನ್ನು ಅಳಿಸಿ ಮತ್ತೆ ಓದುವುದು, ಇದಿಷ್ಟೇ ಅದರ ಕೆಲಸ.

ಹಿರಿಯರು: ಕೋಡು ಬರೆಯುವವರ ಸ್ವಂತ ಕಂಪ್ಯೂಟರಿನಲ್ಲಿ ಇದು ವರವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ; ದಿನಕ್ಕೆ ನೂರು ಬಾರಿ ತಿದ್ದುವವರು ನೂರು ಬಾರಿ ಸರ್ವರ್ ನಿಲ್ಲಿಸುತ್ತ ಕೂರುವುದು ವ್ಯರ್ಥ ದುಡಿಮೆ. ಜನ ಬಳಸುತ್ತಿರುವ ಸರ್ವರಿನಲ್ಲಿ ಇದನ್ನು ಇಟ್ಟಾಗ ಮಾತು ಬೇರೆಯಾಗುತ್ತದೆ. ಅಲ್ಲಿ ಸರ್ವರಿಗೆ ತಿಳಿಯುವುದು ಫೈಲಿನ ಸಮಯ ಬದಲಾಗಿದೆ ಎಂಬ ಒಂದೇ ಸಂಗತಿ. ತಿದ್ದುಪಡಿ ಮುಗಿದಿದೆಯೇ, ಸರಿಯಿದೆಯೇ, ಯಾರ ಒಪ್ಪಿಗೆಯಿಂದ ಆಗಿದೆ ಎಂಬ ಯಾವುದೂ ಆ ಸಮಯದ ಅಂಕಿಯಲ್ಲಿ ಇರುವುದಿಲ್ಲ.

ಕಿರಿಯರು: ಮನುಷ್ಯನ ಕೈ ತಾಗದೆ ನಡೆಯುವ ಕೆಲಸವನ್ನು ಅನುಮಾನಿಸುವ ಪ್ರವೃತ್ತಿ ಈ ನೆಲಕ್ಕೆ ಒಪ್ಪುವಂಥದ್ದಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ ಮೊದಲು ಅಳವಡಿಕೆಯಾಗಿ, ಆಮೇಲೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ ಕೃಷ್ಣರಾಜಸಾಗರಕ್ಕೂ ಬಂದವು. ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ಗೇಟು ತಾನಾಗಿ ತೆರೆದುಕೊಳ್ಳುತ್ತದೆ, ಇಳಿದೊಡನೆ ಮುಚ್ಚಿಕೊಳ್ಳುತ್ತದೆ. ನಡುರಾತ್ರಿಯ ಮಳೆಗೆ ಎದ್ದು ಬರುವ ಕಾವಲುಗಾರನನ್ನು ಕಾಯಬೇಕಾಗಿಲ್ಲ.

ಹಿರಿಯರು: ಆ ಗೇಟಿನ ಹೆಚ್ಚುಗಾರಿಕೆ ಇರುವುದೇ ಅದು ಯಾವುದಕ್ಕೆ ಓಗೊಡುತ್ತದೆ ಎಂಬುದರಲ್ಲಿ. ನೀರಿನ ಮಟ್ಟ ಏರಿದೆ ಎಂದರೆ ಅಪಾಯ ಏರಿದೆ ಎಂದೇ ಅರ್ಥ; ಅಳೆಯುವ ವಸ್ತುವಿಗೂ ತಡೆಯಬೇಕಾದ ವಸ್ತುವಿಗೂ ನಡುವೆ ಅಂತರವೇ ಇಲ್ಲ. ಫೈಲಿನ ಸಮಯಕ್ಕೂ ಕೋಡಿನ ಯೋಗ್ಯತೆಗೂ ಅಂಥ ನಂಟಿಲ್ಲ. ನಿಧಾನವಾದ ಸಂಪರ್ಕದ ಮೂಲಕ ಫೈಲೊಂದು ಅರ್ಧ ಬಂದಿರುವಾಗಲೇ ಅದರ ಸಮಯ ಹೊಸದಾಗಿರುತ್ತದೆ, ಆ ಕ್ಷಣದಲ್ಲಿ ಬಂದ ಕೋರಿಕೆಗೆ ಸರ್ವರ್ ಅರ್ಧ ಫೈಲನ್ನೇ ಓದಿಕೊಳ್ಳುತ್ತದೆ. ಪರ್ಲ್ ಮಾಡ್ಯೂಲಿನ ಕೊನೆಯಲ್ಲಿ ಒಂದು ಸತ್ಯಬೆಲೆ, ವಾಡಿಕೆಯಲ್ಲಿ ಬರಿಯ 1, ಇರಬೇಕೆಂಬ ಹಳೆಯ ಕಟ್ಟಳೆಯಿಂದಾಗಿ ತುಂಡಾದ ಫೈಲು ಬಹುಮಟ್ಟಿಗೆ ಅಲ್ಲೇ ಸಿಕ್ಕಿಬೀಳುತ್ತದೆ; ಆ ಕಟ್ಟಳೆಯಿಲ್ಲದ ಭಾಷೆಗಳಲ್ಲಿ ತುಂಡು ಒಂದು ಫಂಕ್ಷನ್ನಿನ ಅಂಚಿಗೆ ಸರಿಯಾಗಿ ಬಿದ್ದರೆ ದೋಷವೇ ವರದಿಯಾಗದೆ, ಉಳಿದ ಫಂಕ್ಷನ್ನುಗಳು ಇಲ್ಲದ ಸರ್ವರ್ ಓಡುತ್ತಿರುತ್ತದೆ.

ಕಿರಿಯರು: ಅದಕ್ಕೆ ಮದ್ದು ಎಂದೋ ಸಿಕ್ಕಿದೆ. ಹೊಸ ಫೈಲನ್ನು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಕೊನೆಗೆ ಹೆಸರನ್ನಷ್ಟೇ ಬದಲಿಸಿದರೆ ಆಯಿತು. ಲಿನಕ್ಸಿನಲ್ಲಿ ಒಂದೇ ಡಿಸ್ಕಿನೊಳಗಿನ ಹೆಸರು ಬದಲಾವಣೆ ಒಂದೇ ಪೆಟ್ಟಿಗೆ ಆಗುವಂಥದ್ದು, ಅರ್ಧ ಎಂಬ ಸ್ಥಿತಿ ಅದಕ್ಕಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ನಿಲ್ಲಿಸುವುದರ ಬೆಲೆಯದು. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡಿನೊಳಗೆ ಜೀವಂತ ಕೋಶವಿರುತ್ತದೆ. ಹುಳು ಗೂಡು ಕಟ್ಟತೊಡಗಿದ 10–12 ದಿನಗಳ ಸುಮಾರಿಗೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ತೂತು ಬಿದ್ದ ಗೂಡಿನ ಎಳೆ ತುಂಡುತುಂಡಾಗಿ ಬಿಚ್ಚಾಣಿಕೆಗೆ ಬಾರದೆ ಹೋಗುತ್ತದೆ. ಬಿಡಿಸಿ ತರುವ ಹೊತ್ತಿಗಾಗಲೇ ಆ ದಿನಗಳಲ್ಲಿ ಅರ್ಧ ಕಳೆದಿರುತ್ತವೆ. ರೈತ ಗೂಡನ್ನು ಮನೆಗೆ ಒಯ್ದು ನಾಳೆ ನೋಡೋಣ ಎನ್ನುವಂತಿಲ್ಲ, ಗೂಡಿನಿಂದ ನೂಲು ತೆಗೆಯುವ ರೀಲರಿಗೂ ಆ ದಿನದ ನೂಲಿಗೆ ಆ ದಿನದ ಗೂಡೇ ಬೇಕು. ಹರಾಜಿನ ನಡುವೆ ಲೆಕ್ಕದ ಕೋಡಿನಲ್ಲಿ ತಪ್ಪು ಕಂಡರೆ ಸರ್ವರನ್ನು ನಿಲ್ಲಿಸಿ ಎಲ್ಲರನ್ನೂ ಕಾಯಿಸುವುದು ಸರಿಯೇ, ಆ ಒಂದು ಮಾಡ್ಯೂಲನ್ನು ಓಡುವಾಗಲೇ ಬದಲಿಸುವುದು ಸರಿಯೇ?

ಹಿರಿಯರು: ಅದೇ ಹರಾಜನ್ನು ಹತ್ತಿರದಿಂದ ನೋಡೋಣ. ಬೆಳಿಗ್ಗೆ ಲಾಟು ದಾಖಲಾದಾಗ ಹಳೆಯ ಕೋಡು ಅದಕ್ಕೆ ಮೂರು ಅಂಕಣಗಳ ದಾಖಲೆಯೊಂದನ್ನು ಮೆಮೊರಿಯಲ್ಲಿ ಮಾಡಿದೆ ಎಂದಿಟ್ಟುಕೊಳ್ಳಿ: ಲಾಟಿನ ಸಂಖ್ಯೆ, ತೂಕ, ಸದ್ಯದ ಗರಿಷ್ಠ ಬಿಡ್. ಹರಾಜು ನಡೆಯುತ್ತಿರುವಾಗ ತಿದ್ದಿದ ಮಾಡ್ಯೂಲು ಬರುತ್ತದೆ. ಅದರಲ್ಲಿ ಮಾರಾಟಗಾರ ಒಪ್ಪುವ ಕನಿಷ್ಠ ದರವೆಂಬ ನಾಲ್ಕನೆಯ ಅಂಕಣವೂ ಇದೆ. ಹೊಸ ಕೋಡು ಹಳೆಯ ದಾಖಲೆಯಲ್ಲಿ ನಾಲ್ಕನೆಯ ಅಂಕಣವನ್ನು ಹುಡುಕುತ್ತದೆ, ಸಿಗುವುದಿಲ್ಲ, ಎಷ್ಟೋ ಭಾಷೆಗಳಲ್ಲಿ ಸಿಗದ ಬೆಲೆ ಸದ್ದಿಲ್ಲದೆ ಸೊನ್ನೆಯೆಂದೇ ಎಣಿಕೆಯಾಗುತ್ತದೆ. ಕನಿಷ್ಠ ದರ ಸೊನ್ನೆಯೆಂದಾದ ಲಾಟು ಎಷ್ಟು ಕಡಿಮೆ ಬಿಡ್ಡಿಗೂ ಮಾರಾಟವಾದಂತೆ ಮುಗಿದುಹೋಗುತ್ತದೆ. ಇಲ್ಲಿ ಹಳೆಯ ಕೋಡಿನಲ್ಲೂ ತಪ್ಪಿಲ್ಲ, ಹೊಸ ಕೋಡಿನಲ್ಲೂ ತಪ್ಪಿಲ್ಲ. ಹಳೆಯದು ಮಾಡಿಟ್ಟ ದಾಖಲೆಯನ್ನು ಹೊಸದರ ಕೈಗೆ ಕೊಟ್ಟ ಆ ಗಳಿಗೆಯಲ್ಲಿ ತಪ್ಪಿದೆ. ಕೋಡನ್ನು ಮತ್ತೆ ಓದುವ ಏರ್ಪಾಡು, ಕೋಡು ಆಗಲೇ ಮಾಡಿಟ್ಟಿರುವ ಕೆಲಸವನ್ನು ಮತ್ತೆ ಮಾಡುವುದಿಲ್ಲ.

ಈ ಮಾತು ಇಡೀ ಚರ್ಚೆಯ ನಡುಗಂಬವಾದುದರಿಂದ ಇದನ್ನು ಇನ್ನಷ್ಟು ಬಿಡಿಸಿ ಹೇಳುವುದು ಅಗತ್ಯ. ಓಡುವ ಪ್ರೋಗ್ರಾಮಿನಲ್ಲಿ ಕೋಡು ಒಂದು ಭಾಗ ಮಾತ್ರ. ಆ ಕೋಡು ಇದುವರೆಗೆ ನಡೆದುಬಂದ ದಾರಿಯ ಗುರುತುಗಳು, ಎಂದರೆ ಎಣಿಕೆಗಳು, ತೆರೆದಿರುವ ಸಂಪರ್ಕಗಳು, ಅರ್ಧದಲ್ಲಿರುವ ವ್ಯವಹಾರಗಳು ಇನ್ನೊಂದು ಭಾಗ, ಅದಕ್ಕೆ ಸ್ಥಿತಿ ಎಂದು ಹೆಸರು. ಇನ್ನೊಂದು ತೊಡಕೂ ಇದೆ: ಪೈಥಾನ್ ಭಾಷೆಯಲ್ಲಿ ಒಂದು ಮಾಡ್ಯೂಲು ಮತ್ತೊಂದರಿಂದ ಫಂಕ್ಷನ್ನೊಂದನ್ನು ಅದರ ಹೆಸರಿನಿಂದಲೇ ತನ್ನೊಳಕ್ಕೆ ತಂದುಕೊಂಡಿದ್ದರೆ, ಮೂಲ ಮಾಡ್ಯೂಲನ್ನು ಎಷ್ಟು ಸಲ ಮರುಲೋಡ್ ಮಾಡಿದರೂ ತಂದುಕೊಂಡವರ ಬಳಿ ಹಳೆಯ ಫಂಕ್ಷನ್ನೇ ಉಳಿದಿರುತ್ತದೆ. ಪೈಥಾನಿನ ಜಾಂಗೋ ಚೌಕಟ್ಟಿನೊಂದಿಗೆ ಬರುವ ಅಭಿವೃದ್ಧಿ ಸರ್ವರ್ ಬಿಡಿ ಮಾಡ್ಯೂಲನ್ನು ಬದಲಿಸುವ ಗೋಜಿಗೆ ಹೋಗದೆ, ಫೈಲು ಬದಲಾದೊಡನೆ ಇಡೀ ಪ್ರೊಸೆಸ್ಸನ್ನೇ, ಎಂದರೆ ಓಡುತ್ತಿರುವ ಪ್ರೋಗ್ರಾಮನ್ನೇ, ಹೊಸದಾಗಿ ಆರಂಭಿಸುವುದು ಇಂಥ ತೊಡಕುಗಳಿಗೆ ಎಡೆಯಿಲ್ಲದ ದಾರಿ.

ಕಿರಿಯರು: ಹಾಗಿದ್ದರೆ ಆ ಹಸ್ತಾಂತರವನ್ನೇ ಸರಿಯಾಗಿ ಮಾಡಿದ ಭಾಷೆಯೊಂದನ್ನು ನೋಡಬೇಕು. ಟೆಲಿಫೋನ್ ವಿನಿಮಯ ಕೇಂದ್ರಗಳಿಗಾಗಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ 1986ರಲ್ಲಿ ಹುಟ್ಟಿ, 1998ರಲ್ಲಿ ಎಲ್ಲರಿಗೂ ಮುಕ್ತವಾದ ಎರ್ಲಾಂಗ್ ಭಾಷೆಯಲ್ಲಿ ಒಂದು ಮಾಡ್ಯೂಲಿನ ಎರಡು ಆವೃತ್ತಿಗಳು ಒಟ್ಟಿಗೆ ಮೆಮೊರಿಯಲ್ಲಿ ಇರಬಲ್ಲವು. ನಡೆಯುತ್ತಿರುವ ಕರೆ ಹಳೆಯ ಆವೃತ್ತಿಯಲ್ಲೇ ಮುಂದುವರಿಯುತ್ತದೆ, ಮಾಡ್ಯೂಲಿನ ಹೆಸರು ಹಿಡಿದು ಹೊಸದಾಗಿ ಮಾಡಿದ ಕರೆ ಹೊಸ ಆವೃತ್ತಿಗೆ ಹೋಗುತ್ತದೆ. ಹಳೆಯ ಸ್ಥಿತಿಯನ್ನು ಹೊಸ ರೂಪಕ್ಕೆ ತರುವುದಕ್ಕಾಗಿಯೇ ಒಂದು ಫಂಕ್ಷನ್ನನ್ನು ಬರೆಯುವ ಜಾಗವನ್ನು ಅದರ ಚೌಕಟ್ಟಿನಲ್ಲಿ ಗೊತ್ತುಮಾಡಲಾಗಿದೆ. ಮೂರು ಅಂಕಣದ ಲಾಟನ್ನು ನಾಲ್ಕು ಅಂಕಣದ್ದಾಗಿಸುವ ಕೆಲಸ ಅಲ್ಲಿ ನಡೆಯುತ್ತದೆ. ಮಾತನಾಡುತ್ತಿರುವವರ ಕರೆ ಕಡಿಯದೆ ತಂತ್ರಾಂಶ ಬದಲಿಸಲು ಸಾಧ್ಯವೆಂದು ಟೆಲಿಫೋನ್ ಲೋಕ ಎಂದೋ ತೋರಿಸಿಕೊಟ್ಟಿದೆ.

ಹಿರಿಯರು: ತೋರಿಸಿಕೊಟ್ಟದ್ದು ನಿಜ, ಅದಕ್ಕೆ ತೆತ್ತ ಬೆಲೆಯೂ ನಿಜ. ರೂಪಾಂತರದ ಆ ಫಂಕ್ಷನ್ನನ್ನು ಪ್ರತಿ ಬದಲಾವಣೆಗೂ ಒಬ್ಬರು ಕೂತು ಬರೆಯಬೇಕು, ಪರೀಕ್ಷಿಸಬೇಕು. ಎರಡು ಆವೃತ್ತಿಗಳಿಗಷ್ಟೇ ಸ್ಥಳವಿರುವುದರಿಂದ ಮೂರನೆಯದು ಬಂದಾಗ ಮೊದಲನೆಯದರಲ್ಲೇ ಉಳಿದುಕೊಂಡ ಪ್ರೊಸೆಸ್ಸುಗಳನ್ನು ಎರ್ಲಾಂಗ್ ಕೊಂದುಹಾಕುತ್ತದೆ. ಫೈಲು ತಿದ್ದಿದರೆ ಸಾಕು, ಉಳಿದದ್ದನ್ನು ಸರ್ವರ್ ನೋಡಿಕೊಳ್ಳುತ್ತದೆ ಎಂಬ ಆಶ್ವಾಸನೆ ಎರ್ಲಾಂಗ್ ಕೊಟ್ಟದ್ದಲ್ಲ. ಅದು ಕೊಟ್ಟದ್ದು ಶಿಸ್ತಿನಿಂದ ಬದಲಿಸುವವರಿಗೆ ಬೇಕಾದ ಸಲಕರಣೆ.

ಕಿರಿಯರು: ಬೆಲೆಯ ಲೆಕ್ಕ ಹಾಕುವಾಗ ಬದಲಿಸದೆ ಇರುವುದರ ಬೆಲೆಯನ್ನೂ ಹಾಕಬೇಕಲ್ಲವೇ? ಚಿಂತಾಮಣಿಯಂಥ ಊರಿನಲ್ಲಿ ಟೊಮೆಟೊ ಮಂಡಿಗೋ ಸಹಕಾರ ಸಂಘಕ್ಕೋ ಲೆಕ್ಕದ ತಂತ್ರಾಂಶ ಮಾಡಿಕೊಟ್ಟ ಹುಡುಗ ಒಬ್ಬನೇ ಇರುತ್ತಾನೆ, ಸರ್ವರ್ ಕೂಡ ಒಂದೇ ಇರುತ್ತದೆ. ರೀಸ್ಟಾರ್ಟ್ ಮಾಡಿದರೆ ಎಲ್ಲಿ ಏಳದೆ ಹೋಗುತ್ತದೋ ಎಂಬ ಭಯಕ್ಕೆ ಗೊತ್ತಿರುವ ತಪ್ಪನ್ನೂ ತಿಂಗಳುಗಟ್ಟಲೆ ಹಾಗೇ ಬಿಟ್ಟಿರುವ ಸರ್ವರುಗಳು ಎಷ್ಟಿಲ್ಲ! ಬದಲಾವಣೆ ಹಗುರವಾಗಿದ್ದರೆ ಸಣ್ಣಸಣ್ಣ ತಿದ್ದುಪಡಿಗಳು ಆಗಾಗ ನಡೆಯುತ್ತವೆ, ಪ್ರತಿಯೊಂದರ ಅಪಾಯವೂ ಸಣ್ಣದಾಗಿಯೇ ಇರುತ್ತದೆ. ಬದಲಾವಣೆ ಭಾರವಾದಾಗಲೇ ಆರು ತಿಂಗಳ ತಿದ್ದುಪಡಿಗಳು ಒಂದೇ ರಾತ್ರಿ ಮೇಲೆ ಬೀಳುವುದು.

ಈ ವಾದದ ತೂಕವನ್ನು ಹಿರಿಯರು ಅಲ್ಲಗಳೆಯಲಿಲ್ಲ, ಅಲ್ಲಗಳೆಯುವುದು ನ್ಯಾಯವೂ ಆಗುತ್ತಿರಲಿಲ್ಲ. ಹಳೆಯ ತಪ್ಪನ್ನು ಕಾಪಾಡಿಕೊಂಡು ಬರುವ ಜಾಗರೂಕತೆ ಜಾಗರೂಕತೆಯೇ ಅಲ್ಲ. ಆದರೆ ಅವರು ಚರ್ಚೆಯನ್ನು ಮತ್ತೊಂದು ಕಡೆಗೆ ತಿರುಗಿಸಿದರು.

ಹಿರಿಯರು: ಸಣ್ಣ ತಿದ್ದುಪಡಿಯೆಂದು ಹೊರಟದ್ದು ಸಣ್ಣದಾಗಿಯೇ ಉಳಿಯುತ್ತದೆಂಬ ಭರವಸೆ ಯಾರಿಗೂ ಇಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ಷೇರುಪೇಟೆಯಲ್ಲಿ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆಯ ಎಂಟು ಸರ್ವರುಗಳಲ್ಲಿ ಏಳಕ್ಕೆ ಹೊಸ ಕೋಡು ತಲುಪಿತ್ತು, ಒಂದರಲ್ಲಿ ಹಳೆಯದು ಉಳಿದಿತ್ತು. ಹೊಸ ಕೋಡು ಹೊಸ ಅರ್ಥದಲ್ಲಿ ಬಳಸಿಕೊಂಡ ಸೂಚನೆಯೊಂದನ್ನು ಆ ಒಂದು ಸರ್ವರ್ ಹಳೆಯ ಅರ್ಥದಲ್ಲೇ ಓದಿ, ಸುಮಾರು 45 ನಿಮಿಷ ಎಡೆಬಿಡದೆ ಆದೇಶಗಳನ್ನು ಹಾಕಿತು. ನಷ್ಟ 44 ಕೋಟಿ ಡಾಲರ್ ಮುಟ್ಟಿ ಸಂಸ್ಥೆಯೇ ಕೈಬದಲಾಯಿತು. ಅದು ಆಟೋ ರೀಲೋಡಿನಿಂದ ಆದ ಅನಾಹುತವಲ್ಲ, ಕೈಯಿಂದ ಕೋಡು ಹಾಕಿದಾಗ ಆದದ್ದು ಎಂಬುದನ್ನು ಮೊದಲೇ ಒಪ್ಪಬೇಕು. ಆದರೆ ಹಳೆಯದೂ ಹೊಸದೂ ಒಟ್ಟಿಗೆ ಓಡುವ ಅಂಥ ಸ್ಥಿತಿಯನ್ನು ಆಟೋ ರೀಲೋಡ್ ಒಂದೇ ಸರ್ವರಿನೊಳಗೂ ತರಬಲ್ಲದು. ಪರಸ್ಪರ ಹೊಂದಿಕೊಂಡು ಬದಲಾಗಬೇಕಾದ ಎರಡು ಫೈಲುಗಳಲ್ಲಿ ಒಂದು ತಲುಪಿ ಇನ್ನೊಂದು ತಲುಪುವ ನಡುವಿನ ಗಳಿಗೆಯಲ್ಲಿ ಬಂದ ಕೋರಿಕೆಗೆ ಸಿಗುವುದು ಯಾರೂ ಬರೆಯದ, ಯಾರೂ ಪರೀಕ್ಷಿಸದ ಮೂರನೆಯ ಕೋಡು. ಫೈಲಿನ ಹೆಸರು ಬದಲಿಸುವ ಉಪಾಯ ಒಂದೊಂದು ಫೈಲನ್ನು ಕಾಪಾಡುತ್ತದೆ, ಜೋಡಿಯನ್ನು ಕಾಪಾಡುವುದಿಲ್ಲ.

ಕಿರಿಯರು: ಜೋಡಿಯನ್ನು ಕಾಪಾಡುವ ಏರ್ಪಾಡೂ ಅಪಾಚೆ ರೀಲೋಡಿನೊಳಗೇ ಇದೆ. ಟಚ್ ಫೈಲ್ ಎಂಬ ಗೊತ್ತುಪಡಿಸಿದ ಫೈಲೊಂದನ್ನು ಹೆಸರಿಸಿಟ್ಟರೆ, ಆ ಫೈಲಿನ ಸಮಯ ಬದಲಾಗುವವರೆಗೆ ಸರ್ವರ್ ಬೇರೆ ಮಾಡ್ಯೂಲುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಹತ್ತು ಫೈಲುಗಳನ್ನೂ ನಿಧಾನವಾಗಿ ತಂದಿಟ್ಟು, ನೋಡಿ, ಆಮೇಲೆ ಆ ಒಂದು ಫೈಲನ್ನು ಮುಟ್ಟಿದರೆ ಮುಂದಿನ ಕೋರಿಕೆಯಲ್ಲಿ ಹತ್ತೂ ಬದಲಾಗುತ್ತವೆ. ಪ್ರತಿ ಕೋರಿಕೆಗೂ ನೂರಾರು ಫೈಲುಗಳ ಸಮಯ ನೋಡುವ ಖರ್ಚೂ ಒಂದೇ ಫೈಲಿಗೆ ಇಳಿಯುತ್ತದೆ. ಗಳಿಗೆಯನ್ನು ಆರಿಸುವವರು ಮನುಷ್ಯರು, ಕೆಲಸ ಮಾಡುವುದು ಯಂತ್ರ.

ಹಿರಿಯರು: ಇಷ್ಟಾದರೆ ಅದು ತಾನಾಗಿ ಆಗುವ ಮರುಲೋಡ್ ಆಗಿ ಉಳಿಯಲಿಲ್ಲ, ಆದೇಶಕ್ಕೆ ಕಾಯುವ ಮರುಲೋಡ್ ಆಯಿತು. ಆದೇಶಕ್ಕೆ ಕಾಯುವುದೇ ಆದರೆ ಇನ್ನೂ ಶುದ್ಧವಾದ ದಾರಿಯಿದೆ. 2004ರಲ್ಲಿ ಹೊರಬಂದ ಎಂಜಿನ್‌ಎಕ್ಸ್ ಸರ್ವರಿಗೆ ಒಂದು ಸಂಕೇತ ಕಳುಹಿಸಿದರೆ ಅದು ಹೊಸ ಸಂರಚನೆಯನ್ನು ಓದಿ ಹೊಸ ಕೆಲಸಗಾರ ಪ್ರೊಸೆಸ್ಸುಗಳನ್ನು ಎಬ್ಬಿಸುತ್ತದೆ, ಹಳೆಯವು ಹೊಸ ಕೋರಿಕೆ ತೆಗೆದುಕೊಳ್ಳದೆ ಕೈಯಲ್ಲಿರುವುದನ್ನು ಮುಗಿಸಿ ನಿರ್ಗಮಿಸುತ್ತವೆ. ಅಪಾಚೆಗೂ ಇಂಥದೇ ಸೌಮ್ಯ ರೀಸ್ಟಾರ್ಟ್ ಇದೆ. ಕೋಡನ್ನೂ ಇದೇ ಕ್ರಮದಲ್ಲಿ ಬದಲಿಸಿದರೆ ಬಾಗಿಲು ಮುಚ್ಚುವುದಿಲ್ಲ, ಹಳೆಯ ಕೋಡು ಹೊಸ ಕೋಡು ಒಂದೇ ಪ್ರೊಸೆಸ್ಸಿನೊಳಗೆ ಬೆರೆಯುವುದೂ ಇಲ್ಲ.

ಕಿರಿಯರು: ಆದರೆ ನಿರ್ಗಮಿಸುವ ಪ್ರೊಸೆಸ್ಸಿನ ಜೊತೆ ಅದರ ಮೆಮೊರಿಯಲ್ಲಿದ್ದ ಲಾಟುಗಳೂ ಬಿಡ್ಡುಗಳೂ ಹೋಗುತ್ತವೆ.

ಹಿರಿಯರು: ಹೋಗಬಾರದ ವಸ್ತುವನ್ನು ಮೆಮೊರಿಯೊಂದರಲ್ಲೇ ಇಡುವುದೇ ಮೊದಲ ತಪ್ಪು. ಈ ಭಾಗದಲ್ಲಿ ಕರೆಂಟು ಹೋಗುವುದಕ್ಕೆ ಯಾರೂ ಕೋಡು ತಿದ್ದಬೇಕಾಗಿಲ್ಲ. ಕರೆಂಟು ಹೋದರೂ ಉಳಿಯಬೇಕಾದ ಬಿಡ್ ಡೇಟಾಬೇಸಿನಲ್ಲಿ ಇರಬೇಕು. ಹಾಗಿದ್ದರೆ ರೀಸ್ಟಾರ್ಟಿನ ಭಯವೇ ಇರುವುದಿಲ್ಲ, ಭಯವಿಲ್ಲದ ಕಡೆ ರೀಲೋಡಿನ ಆಸೆಯೂ ಅಷ್ಟು ಬಲವಾಗಿರುವುದಿಲ್ಲ.

ಕಿರಿಯರು: ಡೇಟಾಬೇಸಿನಲ್ಲಿಟ್ಟ ಮೂರು ಅಂಕಣದ ಲಾಟನ್ನೂ ನಾಲ್ಕು ಅಂಕಣ ಬಯಸುವ ಕೋಡೇ ಓದಬೇಕಲ್ಲ. ಸೌಮ್ಯ ರೀಸ್ಟಾರ್ಟ್ ಮಾಡಿದರೂ ಹಳೆಯ ಸ್ಥಿತಿಗೂ ಹೊಸ ಕೋಡಿಗೂ ಮುಖಾಮುಖಿ ತಪ್ಪುವುದಿಲ್ಲ; ಮೆಮೊರಿಯಲ್ಲಿ ಇದ್ದ ತೊಡಕು ಡಿಸ್ಕಿಗೆ ಸ್ಥಳಾಂತರವಾಗುತ್ತದೆ, ಅಷ್ಟೇ.

ಈ ಉತ್ತರ ನೇರವಾಗಿ ಗುರಿ ಮುಟ್ಟುವಂಥದ್ದು. ರೀಲೋಡಿನ ದೋಷವೆಂದು ಎಣಿಸಿದ ಎಷ್ಟೋ ದೋಷಗಳು ಬದಲಾವಣೆಯ ದೋಷಗಳೇ ಆಗಿದ್ದು, ರೀಲೋಡ್ ಅವುಗಳನ್ನು ಬೇಗ ಹೊರಗೆಡಹುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೂ ಹಿರಿಯರ ಬಳಿ ಇನ್ನೊಂದು ವಾದ ಉಳಿದಿತ್ತು, ಅದು ದಾಖಲೆಗೆ ಸಂಬಂಧಿಸಿದ್ದು.

ಹಿರಿಯರು: ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪನ ಮಾಪಕಗಳ ಕೇಂದ್ರವೊಂದಿದೆ, ಅದೇ ತಾಲ್ಲೂಕಿನ ರೇಡಿಯೋ ವೀಕ್ಷಣಾಲಯದಲ್ಲಿ ಭಾರತೀಯ ಖಭೌತ ಸಂಸ್ಥೆಯ ಸೌರ ರೇಡಿಯೋ ದೂರದರ್ಶಕ 1997ರಿಂದ ಸೂರ್ಯನನ್ನು ನೋಡುತ್ತಿದೆ. ಅಂಥ ಯಾವುದೇ ಕೇಂದ್ರದ ದಾಖಲೆಗೆ ಬೆಲೆ ಬರುವುದು, ಯಾವ ಅಂಕಿ ಯಾವ ವಿಧಾನದಿಂದ ಬಂತೆಂದು ವರ್ಷಗಳ ನಂತರವೂ ಹೇಳಬಹುದಾದಾಗ ಮಾತ್ರ. ದಿನದ ನಡುವೆ ಲೆಕ್ಕದ ಸೂತ್ರ ಬದಲಾಗಿ, ಬದಲಾದ ಗಳಿಗೆ ಎಲ್ಲಿಯೂ ದಾಖಲಾಗದಿದ್ದರೆ ಇಡೀ ದಿನದ ಅಂಕಿಗಳ ಮೇಲೆ ಅನುಮಾನ ಬರುತ್ತದೆ. ಹನ್ನೊಂದು ಗಂಟೆಗೆ ಮಾರಾಟವಾದ ಲಾಟಿಗೂ ಐದು ನಿಮಿಷ ಬಿಟ್ಟು ಮಾರಾಟವಾದ ಲಾಟಿಗೂ ಬೇರೆ ಬೇರೆ ನಿಯಮ ಅನ್ವಯವಾಗಿದ್ದರೆ, ಅದನ್ನು ಕೇಳಲು ಬಂದ ರೈತನಿಗೆ ತೋರಿಸಲು ಏನಾದರೂ ಇರಬೇಕು. ಯಾರೂ ಆದೇಶಿಸದ ಬದಲಾವಣೆಗೆ ಉತ್ತರ ಕೊಡುವವರೂ ಯಾರೂ ಇರುವುದಿಲ್ಲ. ಕೋಡಿನ ಫೋಲ್ಡರಿನಲ್ಲಿ ಬರೆಯಲು ಸಾಧ್ಯವಾದ ಯಾರು ಏನು ಬರೆದರೂ ಅದನ್ನು ಕೂಡಲೇ ನಡೆಸಿಬಿಡುವ ಸರ್ವರಿನಲ್ಲಿ ಕಳ್ಳನಿಗೆ ರೀಸ್ಟಾರ್ಟಿಗೆ ಕಾಯುವ ಕಷ್ಟವೂ ಇಲ್ಲ.

ಕಿರಿಯರು: ಯಾವ ಮಾಡ್ಯೂಲು ಯಾವಾಗ ಮರುಲೋಡ್ ಆಯಿತೆಂದು ಲಾಗಿನಲ್ಲಿ ಬರೆಸುವುದು ಕಷ್ಟವಲ್ಲ. ಪ್ರತಿ ಬಿಡ್ಡಿನ ಜೊತೆ ಕೋಡಿನ ಆವೃತ್ತಿಯ ಸಂಖ್ಯೆಯನ್ನೂ ಬರೆದಿಟ್ಟರೆ ರೈತನಿಗೆ ಕೊಡಬೇಕಾದ ಉತ್ತರ ರೀಸ್ಟಾರ್ಟಿಗಿಂತ ಸ್ಪಷ್ಟವಾಗಿರುತ್ತದೆ. ಕಳ್ಳನ ಮಾತು ಮಾತ್ರ ಸರಿ: ಸರ್ವರಿನ ಪ್ರೊಸೆಸ್ಸಿಗೆ ಕೋಡಿನ ಫೋಲ್ಡರನ್ನು ಓದುವ ಹಕ್ಕಿರಬೇಕೇ ಹೊರತು ಬರೆಯುವ ಹಕ್ಕಿರಬಾರದು. ಆದರೂ ಒಬ್ಬನೇ ಹುಡುಗನಿರುವ ಊರಿನಲ್ಲಿ ಟಚ್ ಫೈಲಿನ ರೀಲೋಡ್ ಇರಲೇಬೇಕೆಂಬ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ.

ಹಿರಿಯರು: ಒಬ್ಬನೇ ಹುಡುಗನಿರುವ ಊರಿನಲ್ಲೇ ಅದು ಇರಬಾರದೆಂಬ ಅಭಿಪ್ರಾಯದಲ್ಲೂ ಬದಲಾವಣೆಯಿಲ್ಲ, ಅರ್ಧ ಬದಲಾದ ಸರ್ವರನ್ನು ಬಿಡಿಸಿ ನೋಡಲು ಎರಡನೆಯ ಜೊತೆ ಕಣ್ಣು ಅಲ್ಲಿಲ್ಲ.

ಚರ್ಚೆ ಇಲ್ಲಿಗೆ ನಿಂತರೂ ಈ ಭಾಗದಲ್ಲಿ ಸರ್ವರ್ ನಡೆಸುವವರು ಗಮನಿಸಬೇಕಾದ ಒಂದು ಸಂಗತಿ ಉಳಿಯುತ್ತದೆ. ಸಣ್ಣ ಸಂಸ್ಥೆಗಳ ಜಾಲತಾಣಗಳಲ್ಲಿ ಬಹಳ ಬಳಕೆಯಲ್ಲಿರುವ ಪಿಎಚ್‌ಪಿ ಭಾಷೆಯಲ್ಲಿ, 2013ರ 5.5ನೆಯ ಆವೃತ್ತಿಯೊಂದಿಗೆ ಬಂದ ಆಪ್‌ಕ್ಯಾಶ್ ಎಂಬ ಭಾಗ ಕೋಡನ್ನು ಮೆಮೊರಿಯಲ್ಲಿಡುತ್ತದೆ. ಫೈಲಿನ ಸಮಯ ನೋಡಿ ಹೊಸದನ್ನು ಓದಿಕೊಳ್ಳುವ ವ್ಯಾಲಿಡೇಟ್ ಟೈಮ್‌ಸ್ಟ್ಯಾಂಪ್ಸ್ ಎಂಬ ಆಯ್ಕೆ, ಬೇರೆ ಹೇಳದಿದ್ದರೆ, ಚಾಲ್ತಿಯಲ್ಲೇ ಇದ್ದು ಎರಡು ಸೆಕೆಂಡಿಗೊಮ್ಮೆ ಪರಿಶೀಲನೆಗೆ ಅವಕಾಶ ಕೊಡುತ್ತದೆ. ಎಂದರೆ ಯಾರೂ ಆರಿಸದೆಯೇ ಎಷ್ಟೋ ಸರ್ವರುಗಳಲ್ಲಿ ಆಟೋ ರೀಲೋಡ್ ಈಗಾಗಲೇ ಓಡುತ್ತಿದೆ. ಚಿಕ್ಕಬಳ್ಳಾಪುರದಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಸರ್ವರೊಂದರ ಹೊಣೆ ಹೊತ್ತವರು ಸಂರಚನೆಯ ಫೈಲು ತೆರೆದು ಆ ಒಂದು ಸಾಲನ್ನು ನೋಡಬೇಕು. ಇರಲಿ ಎಂದೋ ಬೇಡ ಎಂದೋ ತಾವೇ ತೀರ್ಮಾನಿಸಿ, ತೀರ್ಮಾನಿಸಿದ ಕಾರಣವನ್ನು ಅದರ ಪಕ್ಕದಲ್ಲೇ ಬರೆದಿಡಬೇಕು.